ಎಲ್ಕ್ ಟ್ಯಾಗ್‌ಗೆ ಯಾವ ಸ್ಟೇಟಲ್ಲಿ ಅರ್ಜಿ ಹಾಕೋದು: ಕ್ಯೂನಲ್ಲಿ ನಿಲ್ಲೋದಾ, ಚೀಟಿ ಎತ್ತೋದಾ?

ಡಿಸೆಂಬರ್ ಕೊನೆ ವಾರ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜು. "ಅಣ್ಣ, ಈ ಸಲ ಎಲ್ಕ್‌ಗೆ ಹೋಗ್ಲೇಬೇಕು, ಕೊಲರಾಡೋ ಹಾಕ್ಲಾ ವಯೋಮಿಂಗ್ ಹಾಕ್ಲಾ?" ಇನ್ನೊಬ್ರು, "ಅರಿಜೋನಾದಲ್ಲಿ ಪಾಯಿಂಟ್ ಕೂಡಿಸ್ತಾ ಇದೀನಿ, ಸರಿ ದಾರೀನಾ?" ಎಲ್ಕ್ ಅಂದ್ರೆ ಅಮೆರಿಕದ ದೊಡ್ಡ ಜಾತಿ ಜಿಂಕೆ, ಅದನ್ನ ಹೊಡೆಯೋಕೆ ಸ್ಟೇಟ್ ಸರ್ಕಾರ ಕೊಡೋ ಪರ್ಮಿಟ್ಟೇ ಟ್ಯಾಗು. ಕೇಳೋರಲ್ಲಿ ಹೆಚ್ಚಿನವ್ರು ಕೊಡಗು, ಸಕಲೇಶಪುರ, ತೀರ್ಥಹಳ್ಳಿ ಕಡೆಯೋರು, ಗೋಡೆ ಮೇಲೆ ಅಜ್ಜನ ಕೋವಿ ನೋಡ್ತಾ ಬೆಳೆದವ್ರು. ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಬಾಯಲ್ಲಿ ಕಥೆ ಅಷ್ಟೇ. ಇಲ್ಲಿ ಅಮೆರಿಕದಲ್ಲಿ ಕಾಗದ ಪತ್ರ ಸರಿ ಇದ್ರೆ ಯಾರಿಗೂ ಹೆದರದೆ ಹೋಗಬಹುದು, ಆದ್ರೆ ಆ ಕಾಗದ ಸಿಗೋದೇ ಕಾಡಲ್ಲಿ ನಡೆಯೋದಕ್ಕಿಂತ ಕಷ್ಟ ಅಂತ ಮೊದಲ ವರ್ಷವೇ ಗೊತ್ತಾಗುತ್ತೆ.

ನಾನಿರೋದು ಟೆಕ್ಸಾಸ್‌ನಲ್ಲಿ, ಆಸ್ಟಿನ್ ಹತ್ರ. ಇಲ್ಲಿ ಜಮೀನೆಲ್ಲಾ ಹತ್ತಿರ ಹತ್ತಿರ ಪೂರ್ತಿ ಖಾಸಗಿಯವರದ್ದು, ದುಡ್ಡು ಕೊಟ್ಟು ಲೀಸ್ ತಗೊಂಡು ಜಿಂಕೆ ಹೊಡೀಬೇಕು. ಬೆಟ್ಟ ಹತ್ತಿ, ಸರ್ಕಾರಿ ಕಾಡಲ್ಲಿ ಟೆಂಟ್ ಹಾಕಿ, ನಮ್ಮ ಕಡವೆಗಿಂತ ದೊಡ್ಡದಾದ ಎಲ್ಕ್ ಹಿಂದೆ ಹೋಗಬೇಕು ಅಂದ್ರೆ ಪಶ್ಚಿಮದ ಸ್ಟೇಟ್‌ಗಳಿಗೇ ಹೋಗಬೇಕು. ಅಲ್ಲಿ ನಾವು ಹೊರಗಿನವರು, ನಾನ್-ರೆಸಿಡೆಂಟು. ಅಲ್ಲಿನವರು ಐವತ್ತೋ ಅರವತ್ತೋ ಡಾಲರ್ ಕೊಡೋ ಟ್ಯಾಗಿಗೆ ನಾವು ಏಳುನೂರೋ ಎಂಟುನೂರೋ ಕೊಡಬೇಕು, ಅದೂ ಡ್ರಾದಲ್ಲಿ, ಅಂದ್ರೆ ಟ್ಯಾಗ್ ಹಂಚೋ ಲಾಟರಿಯಲ್ಲಿ, ಹೆಸರು ಬಂದ್ರೆ.

ಸ್ಟೇಟ್‌ಗಳ ಹೆಸರಿಗೆ ಹೋಗೋ ಮುಂಚೆ ನಿಮ್ಮನ್ನ ನೀವೇ ಕೇಳ್ಕೋಬೇಕಾದ್ದು ನಾಲ್ಕು ಇದೆ, ನಾನು ಯಾರು ಫೋನ್ ಮಾಡಿದ್ರೂ ಇದನ್ನೇ ತಿರುಗಿಸಿ ಕೇಳೋದು. ಕಾಡಿಗೆ ಹೋಗಬೇಕಾಗಿರೋದು ಈ ವರ್ಷಾನಾ, ಎರಡು ಮೂರು ವರ್ಷಕ್ಕೊಮ್ಮೆ ಆದ್ರೂ ಸಾಕಾ, ಇಲ್ಲಾ ಹತ್ತು ವರ್ಷ ಕಾದ್ರೂ ಪರವಾಗಿಲ್ಲ ದೊಡ್ಡ ಕೊಂಬೇ ಬೇಕಾ? ಟ್ಯಾಗ್ ಸಿಗದೇ ಇದ್ರೆ ವರ್ಷಕ್ಕೆ ಎಷ್ಟು ದುಡ್ಡು ನೀರಲ್ಲಿ ಹೋದ್ರೆ ಹೊಟ್ಟೆ ಉರಿಯಲ್ಲ? ವಾಪಸ್ ಬರೋ ದುಡ್ಡೇ ಆದ್ರೂ ಮೂರು ತಿಂಗಳು ಕ್ರೆಡಿಟ್ ಕಾರ್ಡ್‌ನಲ್ಲಿ ಸಿಕ್ಕಾಕೊಂಡ್ರೆ ನಡೆಯುತ್ತಾ? ಕೊನೇದು ರಜೆ. ಇದನ್ನ ಎಲ್ಲರೂ ಮರೀತಾರೆ. ಒಳ್ಳೆ ಸೀಸನ್ ಎಲ್ಲಾ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ, ಅಂದ್ರೆ ಸರಿಯಾಗಿ ದಸರಾ ದೀಪಾವಳಿ ಟೈಮು. ಆ ವರ್ಷ ಊರಿಗೆ ಹೋಗೋ ಪ್ಲಾನ್ ಇದ್ರೆ ಅರ್ಜಿ ಹಾಕ್ಬೇಡಿ, ಪಾಯಿಂಟ್ ಮಾತ್ರ ತಗೊಳ್ಳಿ.

ಪಾಯಿಂಟ್ ಅಂದ್ರೆ ಏನು

ಇದು ಅರ್ಥ ಆಗದೆ ಅರ್ಜಿ ಹಾಕೋರೇ ಹೆಚ್ಚು. ಟ್ಯಾಗ್ ಸಿಗದ ವರ್ಷ ನಿಮ್ಮ ಲೆಕ್ಕಕ್ಕೆ ಸೇರೋ ಅಂಕ ಅದು, ಸ್ಟೇಟ್ ಸ್ಟೇಟಿಗೆ ಮೂರು ಥರ ಇದೆ. ಒಂದು ಪ್ರಿಫರೆನ್ಸ್ ಪಾಯಿಂಟ್, ಇದು ರೇಷನ್ ಅಂಗಡಿ ಕ್ಯೂ ಇದ್ದಂಗೆ. ಮುಂದೆ ನಿಂತವ್ರಿಗೆ ಮೊದಲು, ನಿಮ್ಮ ಸರದಿ ಬರೋವಾಗ ಸೀಮೆಎಣ್ಣೆ ಮುಗಿದಿದ್ರೆ ಮುಂದಿನ ವರ್ಷ. ಎರಡನೇದು ಬೋನಸ್ ಪಾಯಿಂಟ್, ಇದು ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತೋದು, ವರ್ಷ ಕಳೆದಂಗೆ ನಿಮ್ಮ ಹೆಸರಿನ ಚೀಟಿ ಜಾಸ್ತಿ ಆಗ್ತಾ ಹೋಗುತ್ತೆ. ಆದ್ರೆ ನಿನ್ನೆ ಬಂದ ಹುಡುಗನ ಒಂದೇ ಚೀಟಿ ಎದ್ರೆ ಅವನಿಗೇ ಟ್ಯಾಗು, ನೀವು ನೋಡ್ತಾ ಕೂರಬೇಕು. ಮೂರನೇದು ಪಾಯಿಂಟೇ ಇಲ್ಲ, ಪ್ರತಿ ವರ್ಷ ಎಲ್ಲರೂ ಸಮ.

ಕ್ಯೂನ ದೊಡ್ಡ ಪ್ರಾಬ್ಲಮ್ ಏನಪ್ಪಾ ಅಂದ್ರೆ ಮುಂದಿನಿಂದ ಟ್ಯಾಗ್ ತಗೊಂಡು ಹೋಗೋರಿಗಿಂತ ಹಿಂದಿನಿಂದ ಸೇರ್ಕೊಳ್ಳೋರು ಜಾಸ್ತಿ, ಹಾಗಾಗಿ ಇವತ್ತು ಐದು ಪಾಯಿಂಟಿಗೆ ಸಿಗೋ ಏರಿಯಾ (ಶಿಕಾರಿಗೆ ಅಂತ ಸ್ಟೇಟನ್ನ ಹಂಚಿರೋ ಭಾಗ) ನಿಮಗೆ ಐದು ಆಗೋ ಹೊತ್ತಿಗೆ ಏಳು ಕೇಳ್ತಾ ಇರುತ್ತೆ. ಇಲ್ಲಿನವರು ಇದಕ್ಕೆ ಪಾಯಿಂಟ್ ಕ್ರೀಪ್ ಅಂತಾರೆ. ಪಾಯಿಂಟ್ ಅಂದ್ರೆ ಬ್ಯಾಂಕಿನ ಎಫ್‌ಡಿ ಅಲ್ಲ, ಇಟ್ಟಷ್ಟೂ ಅದರ ಬೆಲೆ ಇಳಿಯುತ್ತೆ. ಹೊಸದಾಗಿ ಶುರು ಮಾಡೋರು ಇವತ್ತಿನ ಟಾಪ್ ಏರಿಯಾಗಳನ್ನ ನೋಡಿ ಕ್ಯೂ ಸೇರೋದು ನನ್ನ ಪ್ರಕಾರ ದಂಡ. ಮೂರು ನಾಲ್ಕು ಪಾಯಿಂಟ್ ಆದ್ ಕೂಡ್ಲೆ ಖರ್ಚು ಮಾಡಿ ಕಾಡಿಗೆ ಹೋಗೋದೇ ಲಾಭ. ಕೆಳಗೆ ಬರೆದಿರೋದೆಲ್ಲಾ ಈ ಲೆಕ್ಕದಲ್ಲೇ.

ವಯೋಮಿಂಗ್

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಆಯ್ಕೆಗಳು ಇಲ್ಲೇ ಜಾಸ್ತಿ. ಹೊರಗಿನವರಿಗೆ ಎಲ್ಕ್ ಅರ್ಜಿ ಜನವರಿ 2ಕ್ಕೆ ಓಪನ್ ಆಗಿ ಫೆಬ್ರವರಿ ಮೊದಲ ವಾರದಷ್ಟೊತ್ತಿಗೆ ಮುಚ್ಚುತ್ತೆ. ಟ್ಯಾಗಿನ 75 ಪರ್ಸೆಂಟ್ ಪಾಯಿಂಟ್ ಕ್ಯೂ ಪ್ರಕಾರ ಹೋಗುತ್ತೆ, 25 ಪರ್ಸೆಂಟ್ ಸುಮ್ಮನೆ ಚೀಟಿ. ಅಂದ್ರೆ ಸೊನ್ನೆ ಪಾಯಿಂಟ್ ಇದ್ರೂ ಒಂದು ಕಿಟಕಿ ತೆರೆದಿರುತ್ತೆ. ಎಲ್ಕ್ ಟ್ಯಾಗ್ 692 ಡಾಲರ್, ಅರ್ಜಿ ಫೀ 15, ಒಟ್ಟು 707. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ಸಿಗದಿದ್ರೆ 15 ಬಿಟ್ಟು ಉಳಿದದ್ದು ವಾಪಸ್, ಆದ್ರೆ ರಿಸಲ್ಟ್ ಬರೋದು ಮೇ ತಿಂಗಳಲ್ಲಿ. ಸ್ಪೆಷಲ್ ಅಂತ ಇನ್ನೊಂದಿದೆ, ಅದೇ ಟ್ಯಾಗು, ಅದೇ ಕಾಡು, ಅದೇ ಎಲ್ಕು, ಬೆಲೆ ಮಾತ್ರ 1,950 ಡಾಲರ್. ದುಡ್ಡು ಜಾಸ್ತಿ ಕೊಡೋರು ಕಮ್ಮಿ ಇರ್ತಾರೆ ಅನ್ನೋ ಲೆಕ್ಕದಲ್ಲಿ ಕ್ಯೂ ಚಿಕ್ಕದಿರುತ್ತೆ ಅಷ್ಟೇ, ತಿರುಪತಿ ಸ್ಪೆಷಲ್ ದರ್ಶನ ಇದ್ದಂಗೆ. ವಯಸ್ಸಾಗ್ತಿದೆ, ಮೊಣಕಾಲು ಇನ್ನು ನಾಲ್ಕು ವರ್ಷ ಅಂತಿದ್ರೆ ಅದನ್ನ ಯೋಚಿಸಬಹುದು, ಮೂವತ್ತು ವರ್ಷದ ಹುಡುಗರಿಗೆ ಬೇಡ.

ಒಂದು ಹಳ್ಳ ಇದೆ, ನೋಡ್ಕೊಂಡು ನಡೀರಿ. ವಯೋಮಿಂಗಿನಲ್ಲಿ ವಿಲ್ಡರ್‌ನೆಸ್ ಅಂತ ಗುರುತು ಮಾಡಿರೋ ಸರ್ಕಾರಿ ಕಾಡಲ್ಲಿ ಹೊರಗಿನವರು ಎಲ್ಕ್, ಡೀರ್ ಶಿಕಾರಿ ಮಾಡಬೇಕಾದ್ರೆ ಲೈಸೆನ್ಸ್ ಇರೋ ಗೈಡ್ ಬೇಕೇ ಬೇಕು, ಇಲ್ಲಾ ಅಲ್ಲಿನ ನಿವಾಸಿಯೊಬ್ಬರು ಗೈಡ್ ಪರ್ಮಿಟ್ ತಗೊಂಡು ಜೊತೆಗೆ ಬರಬೇಕು. ಟ್ರೆಕ್ಕಿಂಗ್ ಹೋಗೋಕೆ, ಮೀನು ಹಿಡಿಯೋಕೆ ಯಾರೂ ಬೇಕಾಗಿಲ್ಲ, ಕೋವಿ ಹಿಡಿದ್ರೆ ಮಾತ್ರ ಬೇಕು. ನ್ಯಾಯಾನಾ ಅಂತ ಕೇಳ್ಬೇಡಿ. ಮ್ಯಾಪಲ್ಲಿ ನೀವು ಆರಿಸಿದ ಏರಿಯಾದಲ್ಲಿ ಎಷ್ಟು ಭಾಗ ವಿಲ್ಡರ್‌ನೆಸ್ ಅಂತ ಅರ್ಜಿ ಹಾಕೋ ಮುಂಚೆನೇ ನೋಡಿ.

ಮೊದಲ ಸಲ ಹೋಗೋರಿಗೆ ನಾನು ಹೇಳೋದು ವಯೋಮಿಂಗಿನ ಪ್ರಾಂಗ್‌ಹಾರ್ನ್, ಬಯಲಲ್ಲಿ ಓಡಾಡೋ ಜಿಂಕೆ ಥರದ ಪ್ರಾಣಿ. ಅರ್ಜಿಗೆ ಜೂನ್ ಆರಂಭದ ತನಕ ಟೈಮ್ ಇದೆ, ಗಂಡಿನ ಟ್ಯಾಗ್ 326 ಡಾಲರ್, ಹೆಣ್ಣಿಂದು ಬರೀ 34, ಎರಡಕ್ಕೂ ಅರ್ಜಿ ಫೀ ಬೇರೆ. ಬಯಲು ಸೀಮೆ, ಬೆಟ್ಟ ಹತ್ತೋದಿಲ್ಲ, ಎಲ್ಲೆಲ್ಲೂ ಸೇಜ್ ಗಿಡ, ದಿನಕ್ಕೆ ನೂರಾರು ಪ್ರಾಣಿ ಕಣ್ಣಿಗೆ ಬೀಳುತ್ತೆ, ಹೊಟ್ಟೆ ಮೇಲೆ ತೆವಳ್ಕೊಂಡು ಹತ್ರ ಹೋಗೋದು ಕಲೀತೀರಿ. ಆದ್ರೆ ಸುಲಭವಾಗಿ ಟ್ಯಾಗ್ ಸಿಗೋ ಏರಿಯಾಗಳಲ್ಲಿ ಬಹಳಷ್ಟು ರ‍್ಯಾಂಚ್ ಜಮೀನು. ನಾನು ಮೊದಲ ಸಲ ಹದಿನೆಂಟು ಗಂಟೆ ಡ್ರೈವ್ ಮಾಡಿ ಹೋದಾಗ ಟ್ಯಾಗ್ ಜೇಬಲ್ಲಿ, ಪ್ರಾಣಿ ಕಣ್ಣೆದುರು ಇನ್ನೂರು ಗಜದಲ್ಲಿ, ನಡುವೆ ಒಂದು ತಂತಿ ಬೇಲಿ. ಗೇಟಿನ ಪಕ್ಕದ ಕಂಬಕ್ಕೆ ಖಾಸಗಿ ಜಾಗ ಅನ್ನೋ ತಗಡು ನೇತಾಡ್ತಿತ್ತು, ಗಾಳಿಗೆ ಟಕಟಕ ಅಂತ ಬಡ್ಕೊಳ್ತಾ. ಮೂರು ದಿನ ಆ ಶಬ್ದ ಕೇಳಿದೀನಿ. ಯಾಕೆ ಆ ಟ್ಯಾಗ್ ಅಷ್ಟು ಸುಲಭವಾಗಿ ಸಿಕ್ತು ಅಂತ ಆಮೇಲೆ ಗೊತ್ತಾಯ್ತು.

ಕೊಲರಾಡೋ

ಅತಿ ಹೆಚ್ಚು ಎಲ್ಕ್ ಇರೋ ಸ್ಟೇಟ್ ಇದು, ಹಾಗೇ ಅತಿ ಹೆಚ್ಚು ಜನ ಬಂದು ಮುತ್ತೋದೂ ಇಲ್ಲಿಗೇ. ಡ್ರಾ ಕೊನೆ ದಿನಾಂಕ ಏಪ್ರಿಲ್ ಮೊದಲ ಮಂಗಳವಾರ. ಅರ್ಜಿ ಹಾಕೋಕೇ ಮೊದಲು ಒಂದು ಕ್ವಾಲಿಫೈಯಿಂಗ್ ಲೈಸೆನ್ಸ್ ತಗೋಬೇಕು, ಹೊರಗಿನವರಿಗೆ ನೂರು ಡಾಲರ್ ಆಸುಪಾಸು, ಅದು ವಾಪಸ್ ಬರಲ್ಲ. ಎಲ್ಕ್ ಟ್ಯಾಗ್ ದುಡ್ಡು ಡ್ರಾ ಆದ್ಮೇಲೆ ಮಾತ್ರ ಕಾರ್ಡಿಂದ ಕಟ್ ಆಗುತ್ತೆ, ವಯೋಮಿಂಗ್ ಥರ ಸಿಕ್ಕಾಕೊಳ್ಳಲ್ಲ.

ಮುಂಚೆ ಬಿಲ್ಲು ಬಾಣದ ಎಲ್ಕ್ ಟ್ಯಾಗ್ ಕೊಲರಾಡೋದಲ್ಲಿ ಅಂಗಡಿಗೆ ಹೋಗಿ ತಗೋಬಹುದಿತ್ತು, ಡ್ರಾ ಗಿರಾ ಏನಿಲ್ಲ. 2025ರಿಂದ ಪಶ್ಚಿಮದ ಬೆಟ್ಟದ ಕಡೆ ಹೊರಗಿನವರಿಗೆ ಅದು ಬಂದ್ ಆಯ್ತು, ಈಗ ಡ್ರಾನೇ. ರೈಫಲ್ಲಿನ ಎರಡನೇ ಮತ್ತೆ ಮೂರನೇ ಸೀಸನ್ನಿಗೆ ಮಾತ್ರ ಕೆಲವು ಏರಿಯಾಗಳಲ್ಲಿ 2025ರಲ್ಲೂ ಕೌಂಟರ್ ಮೇಲೆ ಸಿಕ್ತಿತ್ತು, ಡ್ರಾದಲ್ಲಿ ಎಲ್ಲೂ ಬರದೆ ಕೈ ಸುಟ್ಕೊಂಡೋರಿಗೆ ಇದೇ ಕೊನೆ ಬಸ್ಸು. ಜನ ಜಾತ್ರೆ ಥರ ಇರ್ತಾರೆ, ರೋಡಿಂದ ಎರಡು ಮೈಲಿ ಒಳಗೆ ನಡೆದ್ರೆ ಸ್ವಲ್ಪ ಕಮ್ಮಿ ಆಗ್ತಾರೆ. ಹತ್ತು ಸಾವಿರ ಅಡಿ ಎತ್ತರ, ನಮ್ಮಂಥ ಆಫೀಸಲ್ಲಿ ಕೂತು ತಿನ್ನೋರಿಗೆ ಮೊದಲ ರಾತ್ರಿ ತಲೆನೋವು ಗ್ಯಾರಂಟಿ, ಒಂದು ದಿನ ಮುಂಚೆ ಹೋಗಿ ಸುಮ್ಮನೆ ಮಲಗಿ.

ಕೊಲರಾಡೋದ ಒಂದು ಉಪಾಯ ಹೊಸಬರಿಗೆ ಗೊತ್ತಿರಲ್ಲ. ಅರ್ಜಿಯಲ್ಲಿ ನಾಲ್ಕು ಚಾಯ್ಸ್ ಕೊಡ್ತಾರೆ, ಪಾಯಿಂಟ್ ಖರ್ಚಾಗೋದು ಮೊದಲ ಚಾಯ್ಸ್ ಸಿಕ್ರೆ ಮಾತ್ರ. ಹಾಗಾಗಿ ಮೊದಲ ಚಾಯ್ಸಿಗೆ ಪಾಯಿಂಟ್ ಮಾತ್ರ ಕೊಡಿ ಅನ್ನೋ ಕೋಡ್ ಹಾಕಿ, ಎರಡನೇದಕ್ಕೆ ಯಾರೂ ಮೊದಲಿಗೆ ಕೇಳದ ಸುಮಾರಾದ ಏರಿಯಾ, ಅಥವಾ ಹೆಣ್ಣು ಎಲ್ಕ್ ಹಾಕಿ. ಸಿಕ್ರೆ ಟ್ಯಾಗೂ ಬಂತು, ಪಾಯಿಂಟೂ ಉಳೀತು. ನಾನು ಮೊದಲ ಎಲ್ಕ್ ಹೊಡೆದಿದ್ದು ಇದೇ ಥರ ಬಂದ ಟ್ಯಾಗಲ್ಲಿ, ಕೊಂಬಿಲ್ಲ ಅಂತ ನಕ್ಕವರೆಲ್ಲಾ ಆಮೇಲೆ ಸಾರು ತಿನ್ನೋಕೆ ಬಂದ್ರು.

ಮೊಂಟಾನಾ, ಐಡಹೋ

ಮೊಂಟಾನಾ ಡೆಡ್‌ಲೈನ್ ಏಪ್ರಿಲ್ 1. ಎಲ್ಕ್ ಮತ್ತೆ ಡೀರ್ ಎರಡೂ ಸೇರಿದ ಕಾಂಬೋ ಲೈಸೆನ್ಸ್ ಬೆಲೆ ಸಾವಿರ ಡಾಲರಿಗಿಂತ ಮೇಲೆ, ಪೂರ್ತಿ ಮೊದಲೇ ಕಟ್ಟಬೇಕು. ದುಬಾರಿನೇ. ಆದ್ರೆ ಕೊಡೋದೂ ಹಾಗೇ ಇದೆ, ರೈಫಲ್ ಜನರಲ್ ಸೀಸನ್ ಅಕ್ಟೋಬರ್ ಕೊನೆಯಿಂದ ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದವರೆಗೆ ಐದು ವಾರ. ಬೇರೆ ಕಡೆ ಐದೋ ಒಂಬತ್ತೋ ದಿನ ಸಿಗೋ ಜಾಗದಲ್ಲಿ ಐದು ವಾರ ಅಂದ್ರೆ, ರಜೆ ಯಾವಾಗ ಸಿಗುತ್ತೆ ಅಂತ ಮೇ ತಿಂಗಳಲ್ಲೇ ಹೇಳೋಕಾಗದ ನಮ್ಮಂಥವರಿಗೆ ವರ. ದೀಪಾವಳಿ ಮುಗಿಸಿ ಆರಾಮಾಗಿ ಹೋಗಬಹುದು. ಇಲ್ಲಿ ಪ್ರಿಫರೆನ್ಸ್ ಪಾಯಿಂಟ್ ಮೂರಕ್ಕಿಂತ ಹೆಚ್ಚು ಕೂಡಿಸೋಕಾಗಲ್ಲ, ಒಂದಕ್ಕೆ 100 ಡಾಲರ್. ಕ್ಯೂ ಉದ್ದ ಆಗದಂಗೆ ಕಟ್ಟಿ ಹಾಕಿದಾರೆ, ಈ ಒಂದು ವಿಷಯದಲ್ಲಿ ನನಗೆ ಮೊಂಟಾನಾ ಮೇಲೆ ಗೌರವ.

ಐಡಹೋದಲ್ಲಿ ಪಾಯಿಂಟೇ ಇಲ್ಲ. 2025ರ ಸೀಸನ್ ತನಕ ಡಿಸೆಂಬರ್ 1ಕ್ಕೆ ಆನ್‌ಲೈನ್ ವೇಟಿಂಗ್ ರೂಮಲ್ಲಿ ಕೂತು, ತತ್ಕಾಲ್ ಟಿಕೆಟ್ ಬುಕ್ ಮಾಡೋ ಥರ ಕಾದು ಜನರಲ್ (ಸಾಮಾನ್ಯ ಏರಿಯಾಗಳ) ಟ್ಯಾಗ್ ತಗೋಬೇಕಿತ್ತು. 2026ರ ಸೀಸನ್ನಿಂದ ಅದನ್ನೂ ಡ್ರಾ ಮಾಡಿದಾರೆ, ಅರ್ಜಿ ಹಿಂದಿನ ಡಿಸೆಂಬರ್‌ನಲ್ಲೇ. ಅಂದ್ರೆ ವರ್ಷದ ಮೊದಲ ಅರ್ಜಿ ಈಗ ಐಡಹೋದು, ಇಲ್ಲಿ ಬರಲಿಲ್ಲ ಅಂತ ಗೊತ್ತಾದ್ಮೇಲೂ ಬೇರೆ ಸ್ಟೇಟ್‌ಗಳಿಗೆ ಟೈಮ್ ಇರುತ್ತೆ. ಕಂಟ್ರೋಲ್ಡ್ ಹಂಟ್ ಅನ್ನೋ ಒಳ್ಳೆ ಏರಿಯಾಗಳ ಡ್ರಾ ಬೇರೆ, ಅದಕ್ಕೆ ಜೂನ್ 5ರ ತನಕ ಟೈಮ್, ಆದ್ರೆ 185 ಡಾಲರ್ ಲೈಸೆನ್ಸ್ ಮೊದಲೇ ತಗೊಂಡಿರಬೇಕು. ಇವತ್ತು ಶುರು ಮಾಡೋ ಹುಡುಗನಿಗೂ ಇಪ್ಪತ್ತು ವರ್ಷ ಕಾದಿರೋ ಮುದುಕನಿಗೂ ಒಂದೇ ಚಾನ್ಸ್ ಇರೋದ್ರಿಂದ ಹೊಸಬರಿಗೆ ಇದು ಒಳ್ಳೆ ಜಾಗ.

ಚೀಟಿ ಸ್ಟೇಟ್‌ಗಳು

ಅರಿಜೋನಾ, ನೆವಾಡಾ, ಯೂಟಾ, ನ್ಯೂ ಮೆಕ್ಸಿಕೋ. ದೊಡ್ಡ ಕೊಂಬಿನ ಫೋಟೋಗಳೆಲ್ಲಾ ಬರೋದು ಹೆಚ್ಚಾಗಿ ಇಲ್ಲಿಂದಾನೇ, ಅದಕ್ಕೇ ಎಲ್ಲರಿಗೂ ಆಸೆ. ನಾನು ಇವನ್ನ ಶಿಕಾರಿ ಪ್ಲಾನ್ ಅಂತ ಲೆಕ್ಕ ಹಾಕೋದೇ ಇಲ್ಲ, ಲಾಟರಿ ಟಿಕೆಟ್ ಅಂತ ಹಾಕ್ತೀನಿ.

ಅರಿಜೋನಾ ಲೆಕ್ಕ ನೋಡಿ. ಎಲ್ಕ್ ಡೆಡ್‌ಲೈನ್ ಫೆಬ್ರವರಿ ಆರಂಭದಲ್ಲಿ, ಲೈಸೆನ್ಸ್ 160 ಡಾಲರ್, ಅರ್ಜಿ ಫೀ 15. ವರ್ಷಕ್ಕೆ 175. ಹತ್ತು ವರ್ಷ ಹಾಕಿದ್ರೆ 1,750 ಡಾಲರ್, ಕೈಗೆ ಬಂದದ್ದು ಹತ್ತು ಹನ್ನೊಂದು ಬೋನಸ್ ಪಾಯಿಂಟ್, ಅಷ್ಟೇ. ಅದೇ ದುಡ್ಡಲ್ಲಿ ವಯೋಮಿಂಗ್ ರೆಗ್ಯುಲರ್ ಎಲ್ಕ್ ಟ್ಯಾಗ್ ಎರಡು ಬಂದು ಪೆಟ್ರೋಲಿಗೂ ಸ್ವಲ್ಪ ಮಿಗ್ತಿತ್ತು. ಹೊರಗಿನವರಿಗೆ ಒಂದು ಹಂಟಿನಲ್ಲಿ 10 ಪರ್ಸೆಂಟಿಗಿಂತ ಹೆಚ್ಚು ಕೊಡಲ್ಲ, ಇಪ್ಪತ್ತು ಟ್ಯಾಗ್ ಇದ್ರೆ ಎರಡು. ನೆವಾಡಾದಲ್ಲೂ 155 ಡಾಲರ್ ಲೈಸೆನ್ಸ್ ಮೊದಲೇ ಬೇಕು, ಡೆಡ್‌ಲೈನ್ ಮೇ ತಿಂಗಳಲ್ಲಿ. ಅಲ್ಲಿ ಪಾಯಿಂಟನ್ನ ವರ್ಗ ಮಾಡಿ ಒಂದು ಕೂಡಿಸ್ತಾರೆ, ಐದು ಪಾಯಿಂಟ್ ಇದ್ರೆ 26 ಚೀಟಿ, ಹತ್ತಿದ್ರೆ 101. ಹಳಬರಿಗೆ ಖುಷಿ, ಸೊನ್ನೆಯಿಂದ ಶುರು ಮಾಡೋರು ಆ ರಾಶಿಯಲ್ಲಿ ಕಾಣೋದೂ ಇಲ್ಲ. ಯೂಟಾ ಏಪ್ರಿಲ್ ಕೊನೆಯಷ್ಟೊತ್ತಿಗೆ ಮುಚ್ಚುತ್ತೆ, ಲಿಮಿಟೆಡ್ ಎಂಟ್ರಿ (ಕೆಲವೇ ಜನರನ್ನ ಬಿಡೋ ಏರಿಯಾಗಳ) ಟ್ಯಾಗಲ್ಲಿ ಅರ್ಧ ಜಾಸ್ತಿ ಪಾಯಿಂಟ್ ಇರೋರಿಗೆ, ಇನ್ನರ್ಧ ಚೀಟಿ.

ಇವುಗಳಲ್ಲಿ ಒಂದೇ ಆರಿಸ್ಕೊಳ್ಳಿ ಅಂದ್ರೆ ನಾನು ನ್ಯೂ ಮೆಕ್ಸಿಕೋ ಅಂತೀನಿ. ಪಾಯಿಂಟ್ ಇಲ್ಲ, ಹಾಗಾಗಿ ಒಂದು ವರ್ಷ ಬಿಟ್ರೂ ಏನೂ ಕಳ್ಕೊಳ್ಳಲ್ಲ. ಅರ್ಜಿ ಮಾರ್ಚ್ ಮಧ್ಯಕ್ಕೆ ಮುಗಿಯುತ್ತೆ, ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ಬರದಿದ್ರೆ ಟ್ಯಾಗ್ ದುಡ್ಡು ವಾಪಸ್. ಟ್ಯಾಗ್ ಹಂಚೋದು ಹೇಗಂದ್ರೆ 84 ಪರ್ಸೆಂಟ್ ಅಲ್ಲಿನವರಿಗೆ, 10 ಔಟ್‌ಫಿಟ್ಟರ್ (ದುಡ್ಡು ತಗೊಂಡು ಶಿಕಾರಿ ಮಾಡಿಸೋರು) ಜೊತೆ ಕರಾರು ಮಾಡ್ಕೊಂಡೋರಿಗೆ, ಬರೀ 6 ನಮ್ಮಂಥ ಹೊರಗಿನವರಿಗೆ. ಐವತ್ತು ಟ್ಯಾಗಲ್ಲಿ ಮೂರು. ಬರಲ್ಲ ಅಂತಾನೇ ಅಂದ್ಕೊಂಡು ಹಾಕ್ಬೇಕು.

ನಿಮ್ಮ ಜೇಬಿಗೆ ಯಾವುದು

ವರ್ಷಕ್ಕೆ ಇನ್ನೂರು ಮುನ್ನೂರು ಡಾಲರ್ ಅಷ್ಟೇ ಇಡೋರು ವಯೋಮಿಂಗ್ ಬಿಟ್ಟು ಬೇರೆ ಕಡೆ ನೋಡ್ಬೇಡಿ. ಅಲ್ಲಿ ಪಾಯಿಂಟ್ ತಗೊಳ್ಳೋಕೆ ಲೈಸೆನ್ಸ್ ಬೇಕಾಗಿಲ್ಲ, ಜುಲೈನಿಂದ ಅಕ್ಟೋಬರ್ ಕೊನೆ ತನಕ ಎಲ್ಕ್ ಪಾಯಿಂಟ್ 52, ಡೀರ್ 41, ಪ್ರಾಂಗ್‌ಹಾರ್ನ್ 31, ಮೂರೂ ಸೇರಿ 124 ಡಾಲರ್. ಮಧ್ಯದಲ್ಲಿ ಹೆಣ್ಣು ಪ್ರಾಂಗ್‌ಹಾರ್ನ್ ಟ್ಯಾಗ್ ತಗೊಂಡು ಕೈ ಪಳಗಿಸ್ಕೊಳ್ಳಿ. ಎರಡು ವರ್ಷ ಸತತವಾಗಿ ಅರ್ಜಿನೂ ಹಾಕದೆ ಪಾಯಿಂಟೂ ತಗೊಳ್ಳದೆ ಬಿಟ್ರೆ ಕೂಡಿಸಿದ್ದೆಲ್ಲಾ ಸೊನ್ನೆ, ಅದೊಂದು ಮರೀಬೇಡಿ.

ಸಾವಿರದಿಂದ ಒಂದೂವರೆ ಸಾವಿರ ಇಡೋಕೆ ರೆಡಿ ಇರೋರು, ಪ್ರತಿ ವರ್ಷ ಕಾಡಿಗೆ ಹೋಗಲೇಬೇಕು ಅನ್ನೋರು ಹೀಗೆ ಹೆಣೀಬಹುದು: ಡಿಸೆಂಬರ್‌ನಲ್ಲಿ ಐಡಹೋ, ಬರದಿದ್ರೆ ಫೆಬ್ರವರಿಯಲ್ಲಿ ವಯೋಮಿಂಗ್ ಎಲ್ಕ್, ಏಪ್ರಿಲ್‌ನಲ್ಲಿ ಕೊಲರಾಡೋ ಎರಡನೇ ಚಾಯ್ಸ್ ಉಪಾಯ, ಅಲ್ಲೂ ಬರದಿದ್ರೆ ಜೂನ್‌ನಲ್ಲಿ ಪ್ರಾಂಗ್‌ಹಾರ್ನ್. ಅಪ್ಪಿತಪ್ಪಿ ಎರಡು ಕಡೆ ಬಂದ್ರೆ ಏನು ಅಂತ ಮನೆಯವಳ ಜೊತೆ ಮೊದಲೇ ಮಾತಾಡ್ಕೊಂಡಿರಿ, ನಾನು ಮಾತಾಡಿರ್ಲಿಲ್ಲ.

ಫ್ರೆಂಡ್ಸ್ ಸೇರಿ ಗ್ರೂಪ್ ಅರ್ಜಿ ಹಾಕೋರಿಗೆ ಒಂದು ಮಾತು. ವಯೋಮಿಂಗಲ್ಲಿ ಎಲ್ಲರ ಪಾಯಿಂಟ್ ಸರಾಸರಿ ತೆಗೀತಾರೆ, ನಿಮಗೆ ನಾಲ್ಕು, ಹೊಸ ಫ್ರೆಂಡಿಗೆ ಸೊನ್ನೆ ಇದ್ರೆ ಇಬ್ಬರಿಗೂ ಎರಡು. ಕೊಲರಾಡೋದಲ್ಲಿ ಎಲ್ಲರಿಗಿಂತ ಕಮ್ಮಿ ಇರೋನ ಪಾಯಿಂಟೇ ಗ್ರೂಪಿಗೆಲ್ಲಾ. ಅಲ್ಲಿಗೆ ನಿಮ್ಮ ನಾಲ್ಕು ವರ್ಷ ಸ್ನೇಹಕ್ಕೆ ಹೋಯ್ತು ಅಂದ್ಕೊಳ್ಳಿ. ಆದ್ರೂ ಒಬ್ಬರೇ ಹೋಗ್ಬೇಡಿ, ಎಲ್ಕ್‌ನ ಒಂದು ಹಿಂದಿನ ತೊಡೆ ಮೂಳೆ ಸಮೇತ ಇಪ್ಪತ್ತೈದು ಮೂವತ್ತು ಕೆಜಿ ಬರುತ್ತೆ, ಅಂಥದ್ದೆರಡು, ಮುಂದಿನವೆರಡು, ಬೆನ್ನು ಕುತ್ತಿಗೆ ಮಾಂಸ ಬೇರೆ. ಕೊಲರಾಡೋದಲ್ಲಿ ನಾನೂ ನನ್ನ ಭಾವನೂ ಮಧ್ಯಾಹ್ನ ಎರಡಕ್ಕೆ ಶುರು ಮಾಡಿ ಕೊನೆ ಮೂಟೆ ಗಾಡಿಗೆ ಹಾಕೋವಾಗ ರಾತ್ರಿ ಒಂದೂವರೆ, ಭಾವ ಬಾನೆಟ್ ಮೇಲೆ ತಲೆ ಇಟ್ಟು ನಿಂತಲ್ಲೇ ನಿದ್ದೆ ಹೋಗಿದ್ರು.

ವೀಸಾ ವಿಷಯ ಕೇಳೋರು ಬಹಳ. ಗ್ರೀನ್ ಕಾರ್ಡ್ ಇರೋರಿಗೆ ವೀಸಾದ ತಕರಾರಿಲ್ಲ. ಎಚ್-1ಬಿ, ಎಫ್-1 ಥರದ ವೀಸಾದಲ್ಲಿ ಇರೋರು ಬಂದೂಕು ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲಿ ಸಾಮಾನ್ಯವಾಗಿ ನಿಷಿದ್ಧ, ಆದ್ರೆ ಯಾವುದಾದ್ರೂ ಸ್ಟೇಟ್ ಕೊಟ್ಟ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ಅದಕ್ಕೆ ವಿನಾಯಿತಿ ಇದೆ. ಲೈಸೆನ್ಸ್ ಎಕ್ಸ್‌ಪೈರ್ ಆದ ದಿನ ಮನೆಯಲ್ಲಿ ರೈಫಲ್ ಇದ್ರೆ ಏನಾಗುತ್ತೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ, ಗ್ರೀನ್ ಕಾರ್ಡ್ ಫೈಲ್ ಮೇಲೇ ಬೀಳಬಹುದು. ಗೆಳೆಯರ ಮಾತು ಕೇಳಿ ಹೆಜ್ಜೆ ಇಡ್ಬೇಡಿ, ನನ್ನ ಮಾತೂ ಸೇರಿ, ಒಬ್ಬ ಇಮಿಗ್ರೇಶನ್ ಲಾಯರ್ ಹತ್ರ ಕೂತು ಕೇಳಿ. ಬಿಲ್ಲು ಬಾಣಕ್ಕೆ ಈ ಕಾನೂನು ಅನ್ವಯ ಆಗಲ್ಲ, ಎಷ್ಟೋ ಜನ ಆ ದಾರಿ ಹಿಡೀತಾರೆ.

ಇನ್ನು ನಾನು ಮಾಡಿದ ಒಂದು ಪೆದ್ದು ಕೆಲಸ. ಯಾರೋ ನನ್ನ ಕಾರ್ಡ್ ನಂಬರ್ ಕದ್ದು ಏನೋ ಕೊಂಡಿದ್ರು, ಬ್ಯಾಂಕ್ ಹೊಸ ಕಾರ್ಡ್ ಕಳಿಸ್ತು. ನೆಟ್‌ಫ್ಲಿಕ್ಸ್‌ಗೆ, ಕರೆಂಟ್ ಬಿಲ್ಲಿಗೆಲ್ಲಾ ಹೊಸ ನಂಬರ್ ಹಾಕಿದೆ. ಫೆಬ್ರವರಿಯಲ್ಲಿ ಹಾಕಿದ್ದ ಡ್ರಾ ಅರ್ಜಿಯಲ್ಲಿ ಹಳೇ ನಂಬರೇ ಕೂತಿತ್ತು. ಆ ವರ್ಷ ಹೆಸರು ಬಂದಿತ್ತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ, ಪೇಮೆಂಟ್ ಫೇಲ್ ಅಂತ ಅರ್ಜಿನೇ ರಿಜೆಕ್ಟ್. ಡ್ರಾ ಆದ್ಮೇಲೆ ದುಡ್ಡು ಕಟ್ ಮಾಡೋ ಸ್ಟೇಟ್‌ಗಳಿಗೆ ಒಂದು ಕಾರ್ಡ್ ಬೇರೆ ಇಟ್ಟುಬಿಡಿ, ಅದನ್ನ ಬೇರೆಲ್ಲೂ ಉಜ್ಜಬೇಡಿ.

ಅರ್ಜಿಗೆ ಮುಂಚೆ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಮಾಡ್ಕೊಳ್ಳಿ, ನಿಮ್ಮ ಸ್ಟೇಟಲ್ಲಿ ಮಾಡಿದ್ದು ಬೇರೆ ಕಡೆನೂ ನಡೆಯುತ್ತೆ. ಆ ನಂಬರ್ ಇಲ್ಲದೆ ಅರ್ಧ ಅರ್ಜಿಯಲ್ಲೇ ಸಿಕ್ಕಾಕೊಂಡು ಡೆಡ್‌ಲೈನ್ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದವರು ಇಬ್ಬರಿದ್ದಾರೆ, ಹೆಸರು ಹೇಳಲ್ಲ. ಬೆಲೆ, ದಿನಾಂಕ ವರ್ಷ ವರ್ಷ ಆಚೀಚೆ ಆಗ್ತಾನೇ ಇರುತ್ತೆ, ದುಡ್ಡು ಕಟ್ಟೋ ಮುಂಚೆ ಆಯಾ ಸ್ಟೇಟಿನ ಆ ವರ್ಷದ ರೆಗ್ಯುಲೇಶನ್ ಪುಸ್ತಕ ತೆಗೆದು ನೋಡಿ. ನಾನು ಈ ಸಲ ವಯೋಮಿಂಗಲ್ಲಿ ಮೂರು ಪಾಯಿಂಟ್ ಖರ್ಚು ಮಾಡ್ತಾ ಇದೀನಿ, ಭಾವಂಗೆ ಒಂದೇ ಇದೆ, ಸರಾಸರಿ ಎರಡು. ಎರಡಕ್ಕೆ ಯಾವ ಏರಿಯಾ ಬರುತ್ತೆ ಅಂತ ಮ್ಯಾಪ್ ಹರಡ್ಕೊಂಡು ಕೂತಿದೀವಿ, ವಿಲ್ಡರ್‌ನೆಸ್ ಗೆರೆ ಎಲ್ಲಿ ಹಾದು ಹೋಗುತ್ತೆ ಅಂತ ಭಾವ ಕೆಂಪು ಪೆನ್ನಲ್ಲಿ ತಿದ್ದುತಾ ಇದಾರೆ.